ಜೋಳದ ರೊಟ್ಟಿಯ ಹಿಟ್ಟನ್ನು ಕುದಿಯುವ ನೀರಿನಲ್ಲಿಯೇ ಏಕೆ ಕಲಸುತ್ತಾರೆ?

ಗೋಧಿಹಿಟ್ಟಿಗೆ ಜಿಗುಟು ಕೊಡುವ ಗ್ಲುಟೆನ್ ಎಂಬ ಪ್ರೋಟೀನು ಜೋಳದಲ್ಲಿ ಇಲ್ಲದಿರುವುದರಿಂದ, ಆ ಜಿಗುಟನ್ನು ಕುದಿಯುವ ನೀರಿನಿಂದಲೇ ಬರಿಸಿಕೊಳ್ಳಬೇಕಾಗುತ್ತದೆ. ಹಿಟ್ಟಿನಲ್ಲಿರುವ ಪಿಷ್ಟದ ಕಣಗಳು ತಣ್ಣೀರಿನಲ್ಲಿ ಬರಿದೆ ನೆನೆಯುತ್ತವೆ. ಸುಮಾರು 70 ಡಿಗ್ರಿ ಸೆಲ್ಸಿಯಸ್ ಬಿಸಿ ತಗುಲಿದಾಗ ಮಾತ್ರ ಅವು ನೀರು ಹೀರಿ ಉಬ್ಬಿ, ಗಂಜಿಯಂತೆ ಅಂಟಾಗಿ, ಉಳಿದ ಹಿಟ್ಟನ್ನು ಹಿಡಿದಿಡುತ್ತವೆ. ಆದ್ದರಿಂದಲೇ ವಿಜಯಪುರ, ಕಲಬುರಗಿ, ಧಾರವಾಡದ ಕಡೆಯ ಮನೆಗಳಲ್ಲಿ ಹಿಟ್ಟಿನ ನಡುವೆ ಗುಳಿ ಮಾಡಿ, ಕುದಿಯುವ ಎಸರನ್ನು ಹೊಯ್ದು, ಕೈ ತಾಳುವಷ್ಟು ಆರಿದೊಡನೆ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದುತ್ತಾರೆ. ನಾದಿದ್ದು ಸಾಲದಿದ್ದರೆ ಬಡಿಯುವಾಗ ಅಂಚು ಬಿರಿಯುತ್ತದೆ.

ಹಂಚಿಗೆ ಹಾಕಿದ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರುವುದೂ ಇದೇ ಕೆಲಸದ ಮುಂದುವರಿಕೆ: ಬಡಿಯುವಾಗ ಹತ್ತಿದ ಒಣ ಹಿಟ್ಟು ಆ ನೀರಿನಲ್ಲಿ ಬೆಂದು ತೆಳು ಪದರವಾಗುತ್ತದೆ, ಒಳಗಿನ ಹಬೆ ಸೋರಿಹೋಗದೆ ರೊಟ್ಟಿ ಉಬ್ಬುತ್ತದೆ. ಹಾಗೆ ಉಬ್ಬಿದ ರೊಟ್ಟಿಯನ್ನು ಹಂಚಿನಿಂದ ನೇರವಾಗಿ ತಟ್ಟೆಗೆ ಇಳಿಸಿಕೊಂಡು, ಮುರಿದಾಗ ಹೊಮ್ಮುವ ಹಬೆ ಆರುವ ಮುನ್ನವೇ ಶೇಂಗಾ ಚಟ್ನಿಪುಡಿ ಮತ್ತು ಕೆನೆಮೊಸರಿನೊಂದಿಗೆ ತಿನ್ನುವುದು ನನ್ನ ದಿನದ ಅತ್ಯಂತ ಪ್ರೀತಿಯ ಗಳಿಗೆ.