ಅಕ್ಕ-ತಂಗಿ ಕಂಪನಿಗಳು ದಿವಾಳಿಯಾದಾಗ ಸಾಲ ಯಾರದು?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದು ರಟ್ಟಿನ ಡಬ್ಬಿ ತಯಾರಿಸುವ ಸಣ್ಣ ಘಟಕ. ಒಂದೇ ಕುಟುಂಬದ ಒಡೆತನದ ಎರಡು ಕಂಪನಿಗಳ ಪೈಕಿ ಮೊದಲನೆಯದರಿಂದ ನಮಗೆ 18 ಲಕ್ಷ ರೂಪಾಯಿ ಬರಬೇಕು. ಈಗ ಎರಡೂ ಲಿಕ್ವಿಡೇಶನ್‌ನಲ್ಲಿವೆ (ಆಸ್ತಿ ಮಾರಿ, ಸಾಲ ತೀರಿಸಿ, ಕಂಪನಿ ಮುಚ್ಚುವ ಹಂತ), ಅದನ್ನು ನಡೆಸುವ ಲಿಕ್ವಿಡೇಟರ್ ಎರಡಕ್ಕೂ ಒಬ್ಬರೇ. ಎರಡನೆಯ ಕಂಪನಿ ಮೊದಲನೆಯದಕ್ಕೆ 3 ಕೋಟಿ ಸಾಲ ಕೊಟ್ಟಿದೆಯೆಂದು ಆ ಕಂಪನಿಯ ಪರವಾಗಿ ಕ್ಲೇಮಿಗೆ (ಬಾಕಿ ಕೇಳುವ ಅರ್ಜಿಗೆ) ಸಹಿ ಹಾಕಿದವರೂ ಅವರೇ, ಅದನ್ನು ಪರಿಶೀಲಿಸುವವರೂ ಅವರೇ. ಇದು ಸರಿಯೇ? ನಮ್ಮ ಪಾಡೇನು?
— ಓದುಗರು, ಬೆಂಗಳೂರು

ಉತ್ತರ: ನಿಮ್ಮ ಆತಂಕ ಸಕಾರಣವಾದದ್ದು. ದಿವಾಳಿ ಸಂಹಿತೆಯ 53ನೇ ಕಲಮು ಹಣ ಹಂಚಲು ಗೊತ್ತುಮಾಡಿದ ಸರದಿಯಲ್ಲಿ ಅಡಮಾನವಿಲ್ಲದ ಹಣಕಾಸು ಸಾಲಕ್ಕೂ (ಹಣದ ರೂಪದಲ್ಲೇ ಕೊಟ್ಟ ಸಾಲ) ಸರಕು ಪೂರೈಸಿದವರ ಬಾಕಿಗಿಂತ ಮೇಲಿನ ಸ್ಥಾನವಿದೆ. ಸಾಲ ಕೊಟ್ಟದ್ದು ಸೋದರ ಕಂಪನಿ ಎಂಬ ಒಂದೇ ಕಾರಣಕ್ಕೆ ಆ ಕಲಮು ಅದನ್ನು ಕೆಳಕ್ಕೆ ತಳ್ಳುವುದಿಲ್ಲ. ಹೀಗಾಗಿ ಆ 3 ಕೋಟಿಯನ್ನು ಹಣಕಾಸು ಸಾಲವೆಂದು ಒಪ್ಪಿಕೊಂಡರೆ ನಿಮ್ಮ ಪಾಲಿಗೆ ಏನೂ ಉಳಿಯದಿರಬಹುದು.

ಒಬ್ಬರೇ ಎರಡೂ ಕಂಪನಿಗಳನ್ನು ನೋಡಿಕೊಳ್ಳುವುದು ತನ್ನಷ್ಟಕ್ಕೆ ತಪ್ಪಲ್ಲ, ಖರ್ಚೂ ಉಳಿಯುತ್ತದೆ. ಆದರೆ ಒಂದು ಕಂಪನಿಯ ಸಾಲದಾತರಿಗೆ ಲಾಭವಾದದ್ದು ಇನ್ನೊಂದರವರಿಗೆ ನಷ್ಟವಾಗುವ ಘಟ್ಟದಲ್ಲಿ ಅವರು ತಾವೇ ವಾದಿ, ತಾವೇ ನ್ಯಾಯಾಧೀಶರಾಗಿ ಕೂರಬಾರದು. ಇಂಥ ಸಂದರ್ಭಕ್ಕೆಂದೇ 35ನೇ ಕಲಮು ಅವರಿಗೆ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ (ಎನ್‌ಸಿಎಲ್‌ಟಿ) ನಿರ್ದೇಶನ ಕೋರುವ ಅಧಿಕಾರವನ್ನೂ, 60(5)ನೇ ಕಲಮು ಆದ್ಯತೆಯ ಪ್ರಶ್ನೆಗಳನ್ನು ತೀರ್ಮಾನಿಸುವ ಅಧಿಕಾರವನ್ನು ಮಂಡಳಿಗೂ ಕೊಟ್ಟಿವೆ. ವಿವಾದಿತ ಕ್ಲೇಮನ್ನು ಮಂಡಳಿಯ ಮುಂದಿಟ್ಟು ನಿರ್ದೇಶನ ಪಡೆಯುವಂತೆ ಅವರಿಗೆ ಲಿಖಿತವಾಗಿ ಕೇಳಿ. ಬಾಯಿಮಾತಿನ ಆಕ್ಷೇಪಣೆಗೆ ದಾಖಲೆಯ ಬೆಲೆಯಿಲ್ಲ.

ಇನ್ನು ಆ 3 ಕೋಟಿಯ ವಿಷಯ. ಫೀನಿಕ್ಸ್ ಎಆರ್‌ಸಿ ವಿರುದ್ಧ ಸ್ಪೇಡ್ ಫೈನಾನ್ಶಿಯಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ, ಒಳಸಂಚಿನ ತೋರಿಕೆಯ ವ್ಯವಹಾರ ಹಣಕಾಸು ಸಾಲ ಆಗಲಾರದು ಎಂದು ಹೇಳಿತು. ಆದ್ದರಿಂದ ಲೆಕ್ಕಪುಸ್ತಕದ ಒಂದು ಸಾಲಿನ ಬರಹವನ್ನಷ್ಟೇ ನಂಬಬೇಡಿ: ಹಣ ಬ್ಯಾಂಕಿನ ಮೂಲಕ ಹೋಗಿದೆಯೇ, ಬಡ್ಡಿ ಗೊತ್ತುಮಾಡಿದ್ದರೇ, ಆಡಳಿತ ಮಂಡಳಿಯ ನಿರ್ಣಯವಿದೆಯೇ, ಅಥವಾ ಮಾರ್ಚ್ 31ರ ರಾತ್ರಿ ಲೆಕ್ಕ ಸರಿದೂಗಿಸಲು ಬರೆದ ನಮೂದೇ ಎಂದು ನೋಡಬೇಕು. ಇಂಥ ನಮೂದುಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಸೋದರ ಕಂಪನಿಗಾಗಿ ಆಸ್ತಿ ಒತ್ತೆಯಿಟ್ಟಿದ್ದರೆ ಪರಿಶೀಲನೆ ಇನ್ನೂ ಕಠಿಣ. ಜೇಪಿ ಇನ್ಫ್ರಾಟೆಕ್ ತನ್ನ 858 ಎಕರೆ ಜಮೀನನ್ನು ಮಾತೃಸಂಸ್ಥೆ ಜೈಪ್ರಕಾಶ್ ಅಸೋಸಿಯೇಟ್ಸ್‌ನ ಸಾಲಕ್ಕೆ ಅಡವಿಟ್ಟಿತ್ತು. ಅದರಲ್ಲಿ 758 ಎಕರೆಯ ಅಡಮಾನವನ್ನು ಪಕ್ಷಪಾತದ ವ್ಯವಹಾರವೆಂದು (ಕೆಲವು ಸಾಲದಾತರಿಗೆ ಉಳಿದವರಿಗಿಂತ ಹೆಚ್ಚಿನ ಅನುಕೂಲ ಮಾಡಿಕೊಡುವಂಥದ್ದು) ರದ್ದುಪಡಿಸಿದ ಆದೇಶವನ್ನು ಸುಪ್ರೀಂ ಕೋರ್ಟ್ 2020ರ ಫೆಬ್ರವರಿಯಲ್ಲಿ ಎತ್ತಿಹಿಡಿಯಿತು. ಇಂಥ ವ್ಯವಹಾರಗಳನ್ನು ಹೊರಗಿನವರ ವಿಷಯದಲ್ಲಿ 1 ವರ್ಷ, ಸಂಬಂಧಿತರ ವಿಷಯದಲ್ಲಿ 2 ವರ್ಷ ಹಿಂದಕ್ಕೆ ಹೋಗಿ ಕೆದಕಬಹುದು.

‘ಎರಡನ್ನೂ ಒಂದೇ ಎಂದು ಪರಿಗಣಿಸಿ ಹಣ ಹಂಚಬಾರದೇಕೆ?’ ಎಂದು ನೀವು ಕೇಳಬಹುದು. ವಿಡಿಯೋಕಾನ್ ಗುಂಪಿನ 15 ಕಂಪನಿಗಳಲ್ಲಿ 13ನ್ನು ಮುಂಬೈ ನ್ಯಾಯಮಂಡಳಿ 2019ರ ಆಗಸ್ಟ್‌ನಲ್ಲಿ ದಿವಾಳಿ ಪ್ರಕ್ರಿಯೆಗಾಗಿ ಒಟ್ಟುಗೂಡಿಸಿದ್ದು ನಿಜ. ಬೇರ್ಪಡಿಸಲಾಗದಷ್ಟು ಹೆಣೆದುಕೊಂಡ ಲೆಕ್ಕ, ಸಾಲ, ಆಸ್ತಿಗಳು ಅದಕ್ಕೆ ಕಾರಣ. ಆದರೆ ಉಳಿದ 2 ಕಂಪನಿಗಳು ಹೊರಗುಳಿದದ್ದೂ ಅಷ್ಟೇ ಗಮನಾರ್ಹ. ಪ್ರತಿ ಕಂಪನಿಯೂ ಪ್ರತ್ಯೇಕ ವ್ಯಕ್ತಿ ಎಂಬುದು ಮೂಲ ನಿಯಮ, ಒಗ್ಗೂಡಿಸುವುದು ಅಪವಾದ. ನಮ್ಮ ಹೈಕೋರ್ಟ್ ಕಿಂಗ್‌ಫಿಷರ್ ಏರ್‌ಲೈನ್ಸ್‌ನ ಸಮಾಪ್ತಿಗೆ (ಕಂಪನಿಯನ್ನು ಮುಚ್ಚುವುದಕ್ಕೆ) 2016ರ ನವೆಂಬರ್‌ನಲ್ಲೂ, ಅದೇ ಮಲ್ಯ ಗುಂಪಿನ ಯುಬಿ ಹೋಲ್ಡಿಂಗ್ಸ್‌ನ ಸಮಾಪ್ತಿಗೆ 2017ರ ಫೆಬ್ರವರಿಯಲ್ಲೂ ಬೇರೆ ಬೇರೆಯಾಗಿಯೇ ಆದೇಶಿಸಿತು. ಯುಬಿಯ ಮೇಲೆ ವಿಮಾನಯಾನದ ಸಾಲದ ಹೊರೆ ಬಿದ್ದದ್ದು ಅದು ಬರೆದುಕೊಟ್ಟ ಜಾಮೀನಿನಿಂದ, ನಂಟಿನಿಂದಲ್ಲ. ಒಗ್ಗೂಡಿಸಿದರೆ ನಿಮಗೆ ಲಾಭವೇ ಎಂಬುದೂ ಎರಡನೆಯ ಕಂಪನಿಯ ಆಸ್ತಿ-ಸಾಲ ನೋಡಿ ಲೆಕ್ಕಹಾಕಬೇಕಾದ ಮಾತು.

ಸದ್ಯಕ್ಕೆ ನಿಮ್ಮ ಡೆಲಿವರಿ ಚಲನ್‌ಗಳನ್ನು ತೆಗೆದು ನೋಡಿ. ಬಿಲ್ಲು ಮೊದಲ ಕಂಪನಿಯ ಹೆಸರಿನಲ್ಲಿದ್ದು, ಸರಕು ಇಳಿಸಿಕೊಂಡ ಮೊಹರು ಎರಡನೆಯದರದ್ದಾಗಿದ್ದರೆ, ಅಥವಾ ಹಳೆಯ ಪಾವತಿಗಳು ಎರಡನೆಯದರ ಖಾತೆಯಿಂದ ಬಂದಿದ್ದರೆ, ಆ ಕಾಗದಗಳ ನಕಲನ್ನು ವಕೀಲರಿಗೆ ತೋರಿಸಿ, ಎರಡನೆಯ ಕಂಪನಿಯ ಮೇಲೂ ಕ್ಲೇಮು ಸಲ್ಲಿಸಬಹುದೇ ಎಂದು ತಡಮಾಡದೆ ವಿಚಾರಿಸಿ.