ಸ್ಲಾತ್ ಮೈಮೇಲಿರೋ ಪತಂಗ ಹೇನಿನ ಥರಾನಾ?

ಪ್ರಶ್ನೆ: ಸ್ಲಾತ್ ಅನ್ನೋ ಪ್ರಾಣಿಯ ಕೂದಲಲ್ಲಿ ಪತಂಗಗಳು ಇರ್ತಾವೆ ಅಂತ ಒಂದು ವಿಡಿಯೋದಲ್ಲಿ ನೋಡಿದೆ. ಅವು ಹೇನಿನ ಥರ ರಕ್ತ ಕುಡೀತಾವಾ? ಯಾರಿಂದ ಯಾರಿಗೆ ಲಾಭ ಸರ್? ಸ್ಲಾತ್ ಅಂದ್ರೆ ನಮ್ಮ ದರೋಜಿ ಕರಡಿಧಾಮದಲ್ಲಿರೋ ಸ್ಲಾತ್ ಬೇರ್ ಸಂಬಂಧೀನಾ?
— ಓದುಗರು, ಶಿವಮೊಗ್ಗ

ಉತ್ತರ: ರಕ್ತ ಕುಡಿಯಲ್ಲ, ಆ ಭಯ ಬೇಡ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಕಾಡುಗಳಲ್ಲಿರೋ ಮೂರು ಬೆರಳಿನ ಸ್ಲಾತ್ ಸುಮಾರು ನಾಲ್ಕು ಕೆಜಿ ತೂಗುತ್ತೆ, ಅದರ ಮೈಮೇಲಿರೋ ಕ್ರಿಪ್ಟೋಸಿಸ್ ಅನ್ನೋ ಪತಂಗ ಒಂದು ಸೆಂಟಿಮೀಟರ್ ಆಸುಪಾಸು ಅಷ್ಟೇ. ಆದ್ರೆ ಈ ಪುಟ್ಟ ಜೀವದ ಇಡೀ ಬದುಕು ಆ ಸ್ಲಾತ್ ಮೇಲೇ ನಿಂತಿದೆ. ಸ್ಲಾತ್ ವಾರಕ್ಕೊಂದ್ಸಲ ಮಾತ್ರ ಮರದಿಂದ ನಿಧಾನಕ್ಕೆ ಕೆಳಗಿಳಿದು, ಬುಡದಲ್ಲಿ ತನ್ನ ಮೋಟು ಬಾಲದಿಂದ ಸಣ್ಣ ಗುಂಡಿ ಮಾಡಿ ಲದ್ದಿ ಹಾಕುತ್ತೆ, ಆಗ ಹೆಣ್ಣು ಪತಂಗ ಕೂದಲಿಂದ ಹೊರಬಂದು ಆ ಲದ್ದೀಲಿ ಮೊಟ್ಟೆ ಇಡುತ್ತೆ, ಮರಿಹುಳು ಅದನ್ನೇ ತಿಂದು ಬೆಳೆದು, ಅಲ್ಲೇ ಕೋಶ ಕಟ್ಟಿ, ರೆಕ್ಕೆ ಬಂದ್ಮೇಲೆ ಮೇಲಕ್ಕೆ ಹಾರಿ ಇನ್ನೊಂದು ಸ್ಲಾತ್ ಹುಡುಕ್ಕೊಳ್ಳುತ್ತೆ. ಪತಂಗ ಸ್ಲಾತಿನ ಲದ್ದೀಲಿ ಬೆಳೆಯೋ ಈ ಕಥೆ 1976ರಲ್ಲೇ ವಿಜ್ಞಾನ ಪತ್ರಿಕೆಯಲ್ಲಿ ಬಂದಿತ್ತು.

ಸರಿ, ಸ್ಲಾತ್‌ಗೇನು ಸಿಗುತ್ತೆ? ನಂಗೆ ತುಂಬಾ ಇಷ್ಟವಾಗೋ ಭಾಗ ಇದೇ. ಕೆಳಗಿಳಿದ್ರೆ ಹುಲಿ ಜಾತಿಯ ಜಾಗ್ವಾರ್ ಬಾಯಿಗೆ ಬೀಳೋ ಅಪಾಯ ಇದೆ, ಎಲೆ ತಿಂದು ಬದುಕೋ ಪ್ರಾಣಿ ಬೇರೆ, ಮೈಯಲ್ಲಿ ಶಕ್ತಿನೂ ಕಮ್ಮಿ, ಆದ್ರೂ ಮೇಲಿಂದಾನೇ ಲದ್ದಿ ಹಾಕದೆ ಯಾಕೆ ಇಳಿಯುತ್ತೆ? ಕೋಸ್ಟರಿಕಾದಲ್ಲಿ ಅಧ್ಯಯನ ಮಾಡಿದ ವಿಜ್ಞಾನಿಗಳು 2014ರಲ್ಲಿ ಒಂದು ವಿವರಣೆ ಕೊಟ್ರು: ಪತಂಗ ಜಾಸ್ತಿ ಇರೋ ಸ್ಲಾತ್‌ಗಳ ಕೂದಲಲ್ಲಿ ಸಾರಜನಕನೂ ಜಾಸ್ತಿ, ಹಸಿರು ಪಾಚಿನೂ ಜಾಸ್ತಿ. ಸತ್ತ ಪತಂಗಗಳು ಕೊಳೆತು ಪಾಚಿಗೆ ಗೊಬ್ಬರ ಆಗ್ತಾವೆ, ಸ್ಲಾತ್ ಮೈ ನೆಕ್ಕೊಂಡಾಗ ಕೊಬ್ಬಿನಂಶ ಇರೋ ಆ ಪಾಚಿ ಹೊಟ್ಟೆಗೆ ಹೋಗುತ್ತೆ ಅನ್ನೋದು ಅವರ ಲೆಕ್ಕ, ಸ್ಲಾತ್ ಹೊಟ್ಟೆಯಲ್ಲಿ ಪಾಚಿ ಸಿಕ್ಕಿದ್ದೂ ನಿಜ. ಎರಡು ಬೆರಳಿನ ಸ್ಲಾತ್ ಮೈಮೇಲೆ ಪತಂಗನೂ ಕಮ್ಮಿ, ಪಾಚಿನೂ ಕಮ್ಮಿ. ಇದನ್ನ ಎಲ್ರೂ ಒಪ್ಪಿಲ್ಲ, ವಾಸನೆಯಿಂದ ಜೋಡಿಗೆ ಸುದ್ದಿ ಮುಟ್ಟಿಸೋಕೆ ಇಳಿಯುತ್ತೆ ಅನ್ನೋರೂ ಇದಾರೆ. ನನ್ನ ಅಭಿಪ್ರಾಯ ಕೇಳಿದ್ರೆ, ಸ್ಲಾತ್ ಇಲ್ದೆ ಈ ಪತಂಗ ಉಳಿಯಲ್ಲ, ಪತಂಗ ಇಲ್ದಿದ್ರೂ ಸ್ಲಾತ್ ಹೇಗೋ ಬದುಕಬಹುದು.

ಇನ್ನು ದರೋಜಿ ಕರಡಿ. ಅದಕ್ಕೂ ಇದಕ್ಕೂ ಹತ್ತಿರದ ಸಂಬಂಧ ಇಲ್ಲ. 1791ರಲ್ಲಿ ಜಾರ್ಜ್ ಶಾ ಅನ್ನೋರು ಅದನ್ನೂ ಸ್ಲಾತ್ ಗುಂಪಿಗೇ ಸೇರಿಸಿ ಹೆಸರಿಟ್ಟಿದ್ರು, ಅದಕ್ಕೇ ಇವತ್ತಿಗೂ ಈ ಗೊಂದಲ. ಸ್ಲಾತ್‌ನ ನಿಜವಾದ ನೆಂಟರು ಅಮೆರಿಕದ ಇರುವೆಬಾಕಗಳು, ಸ್ವಲ್ಪ ದೂರದವು ಆರ್ಮಡಿಲೊಗಳು.