‘ಗಟ್ಟಿ’ ಅಂದರೆ ಯಾವುದು ಗಟ್ಟಿ? ಬಂಧಗಳ ಬಲದ ಬಗ್ಗೆ ಬಂದ ಲೇಖನಕ್ಕೆ ನಮ್ಮ ಉತ್ತರ

ಮಾನ್ಯರೇ,

ನೀವು ಕಳಿಸಿದ ‘ಅಯಾನಿಕ ಬಂಧವೇ ಬಲಶಾಲಿ’ ಲೇಖನವನ್ನು ಎರಡು ಸಲ ಓದಿದ್ದೇವೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಭಾಷೆ ಚೆನ್ನಾಗಿದೆ, ಅಡುಗೆಮನೆಯ ಉಪ್ಪು ಸಕ್ಕರೆಯಿಂದ ರಸಾಯನಶಾಸ್ತ್ರಕ್ಕೆ ದಾರಿ ಮಾಡಿಕೊಂಡಿದ್ದು ಇನ್ನೂ ಚೆನ್ನಾಗಿದೆ. ಕೆಟ್ಟಿರುವುದು ವಾದ. ಎಲ್ಲಿ ಕೆಟ್ಟಿತು ಎಂಬುದನ್ನು ಬಿಡಿಸಿ ಹೇಳುತ್ತೇವೆ. ಇದೇ ತಪ್ಪನ್ನು ಎಷ್ಟೋ ವಿದ್ಯಾರ್ಥಿಗಳು ಬಾಯಿಪಾಠ ಮಾಡಿಕೊಳ್ಳುತ್ತಾರೆ, ಸರಿಯಾಗಿ ತಿದ್ದಿದರೆ ನಿಮ್ಮ ಲೇಖನವೇ ಅವರಿಗೆ ಉಪಯೋಗಕ್ಕೆ ಬರುತ್ತದೆ.

ನಿಮ್ಮ ವಾದ ಇಷ್ಟು: ಉಪ್ಪು 801 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಸಕ್ಕರೆ ಸುಮಾರು 186ಕ್ಕೇ ಕರಗುತ್ತದೆ. ಉಪ್ಪಿನದು ಅಯಾನಿಕ ಬಂಧ, ಅಂದರೆ ಧನ ಮತ್ತು ಋಣ ಆವೇಶ ಪಡೆದ ಪರಮಾಣುಗಳ (ಅಯಾನುಗಳ) ನಡುವಿನ ಸೆಳೆತ; ಸಕ್ಕರೆಯದು ಸಹವೇಲೆನ್ಸೀಯ, ಅಂದರೆ ಪರಮಾಣುಗಳು ಎಲೆಕ್ಟ್ರಾನ್ ಹಂಚಿಕೊಂಡು ಆದ ಬಂಧ. ಆದ್ದರಿಂದ ಅಯಾನಿಕ ಬಂಧ ಗಟ್ಟಿ. ಅಂಕಿಗಳೆರಡೂ ಸರಿ. ‘ಆದ್ದರಿಂದ’ ತಪ್ಪು.

ಘನವಸ್ತು ದ್ರವವಾಗುವಾಗ ಯಾವುದು ಬಿಟ್ಟುಕೊಳ್ಳುತ್ತದೆ ಎಂದು ನೀವು ಎಲ್ಲೂ ಕೇಳಿಕೊಂಡಿಲ್ಲ. ಸಕ್ಕರೆಯನ್ನು ಸದ್ಯ ಬದಿಗಿಡಿ, ಅದು ದ್ರವವಾಗುತ್ತಲೇ ಕಂದಾಗಿ ರಾಸಾಯನಿಕವಾಗಿಯೂ ಒಡೆಯತೊಡಗುವುದರಿಂದ ಲೆಕ್ಕ ಕಲಸಿಹೋಗುತ್ತದೆ. ಮಂಜುಗಡ್ಡೆ ತೆಗೆದುಕೊಳ್ಳಿ. 18 ಗ್ರಾಂ, ಅಂದರೆ ಒಂದು ಮೋಲ್ (ಅಣು, ಪರಮಾಣುಗಳನ್ನು ಎಣಿಸುವ ಒಂದು ನಿಗದಿತ ಸಂಖ್ಯೆ) ಮಂಜುಗಡ್ಡೆ ನೀರಾಗಲು 6 ಕಿಲೋಜೌಲ್ ಸಾಕು. ಅದೇ ನೀರು ಕುದಿದು ಆವಿಯಾಗಲು ಸುಮಾರು 41. ಇಷ್ಟಾದರೂ ಒಂದೇ ಒಂದು ಸಹವೇಲೆನ್ಸೀಯ ಬಂಧ ಮುರಿದಿರುವುದಿಲ್ಲ. ಸಡಿಲವಾದದ್ದು ಒಂದು ಅಣುವಿಗೂ ಪಕ್ಕದ ಅಣುವಿಗೂ ಇದ್ದ ಸೆಳೆತ ಮಾತ್ರ. ಅಣುವಿನ ಒಳಗಿನ ಎರಡು ಆಕ್ಸಿಜನ್–ಹೈಡ್ರೋಜನ್ ಬಂಧಗಳನ್ನು ಮುರಿದು ಬಿಡಿ ಪರಮಾಣುಗಳನ್ನು ಪಡೆಯಬೇಕಾದರೆ 927 ಕಿಲೋಜೌಲ್ ಬೇಕು. ಉಪ್ಪು ಕರಗಿ ಹರಿಯುವ 801 ಡಿಗ್ರಿಯ ಕುಲುಮೆಗೆ ನೀರಿನ ಆವಿ ಬಿಟ್ಟು ನೋಡಿ, ಅದು ನೀರಿನ ಆವಿಯಾಗಿಯೇ ಹೊರಬರುತ್ತದೆ. ಕರಗುವ ಬಿಂದುವನ್ನು ಸಾಕ್ಷಿ ಕರೆದವರು ನೀವು. ಆ ಸಾಕ್ಷಿಗೆ ಅಣುವಿನ ಒಳಗಿನ ಬಂಧದ ವಿಷಯವೇ ಗೊತ್ತಿಲ್ಲ.

ಉಪ್ಪಿನ ಕಡೆಯೂ ಹಾಗೆಯೇ. 58.5 ಗ್ರಾಂ, ಅಂದರೆ ಒಂದು ಮೋಲ್ ಉಪ್ಪು 801 ಡಿಗ್ರಿಯಲ್ಲಿ ದ್ರವವಾಗಲು ಹೀರುವುದು ಸುಮಾರು 28 ಕಿಲೋಜೌಲ್. ಅಯಾನುಗಳನ್ನು ಪೂರ್ತಿ ಬೇರ್ಪಡಿಸಲು ಬೇಕಾಗುವುದು 787 (ಮುಂದಿನ ಶಕ್ತಿಯ ಅಂಕಿಗಳೂ ಪ್ರತಿ ಮೋಲ್‌ಗೆ ಕಿಲೋಜೌಲ್‌ನಲ್ಲೇ). ಅಂದರೆ ಕರಗಿದ ಉಪ್ಪಿನಲ್ಲೂ ಅಯಾನಿಕ ಸೆಳೆತ ಬಹುಪಾಲು ಹಾಗೇ ಇದೆ, ಕೆಟ್ಟಿರುವುದು ಅಚ್ಚುಕಟ್ಟಾದ ಜೋಡಣೆ.

ಈ ಗೊಂದಲಕ್ಕೆ ನಮ್ಮ ಭಾಷೆಯದ್ದೂ ಸ್ವಲ್ಪ ಪಾಲಿದೆ. ಬೆಣ್ಣೆ ಬಿಸಿಗೆ ಕರಗುತ್ತದೆ, ಬೆಲ್ಲ ನೀರಿನಲ್ಲಿ ಕರಗುತ್ತದೆ, ಎರಡಕ್ಕೂ ನಮಗೆ ಒಂದೇ ಕ್ರಿಯಾಪದ. ಮನೆಮಾತಿಗೆ ಅಷ್ಟು ಸಾಕು, ನಿಮ್ಮ ಲೇಖನಕ್ಕೆ ಸಾಲದು. ಮೂರನೇ ಪ್ಯಾರಾದಲ್ಲಿ ನೀವು ‘ಉಪ್ಪು ಸುಲಭಕ್ಕೆ ಕರಗದು’ ಎಂದು ಬರೆದು, ಐದನೆಯದರಲ್ಲಿ ‘ಉಪ್ಪು ನೀರಿಗೆ ಬಿದ್ದ ಕೂಡಲೇ ಕರಗುತ್ತದೆ’ ಎಂದಿದ್ದೀರಿ. ಓದುಗ ಅಲ್ಲೇ ನಿಲ್ಲುತ್ತಾನೆ. ಬಿಸಿಗೆ ಆಗುವುದನ್ನು ‘ಕರಗಿ ದ್ರವವಾಗು’ ಎಂದೂ ನೀರಿನಲ್ಲಿ ಆಗುವುದನ್ನು ‘ವಿಲೀನವಾಗು’ ಎಂದೂ ಕೊನೆತನಕ ಬೇರೆ ಬೇರೆಯಾಗಿ ಬಳಸಿ. ‘ಗಟ್ಟಿ’ ಎಂಬ ಪದವೂ ಹಾಗೆಯೇ: ದ್ರವವಲ್ಲದ್ದು ಗಟ್ಟಿ, ಗೀರು ಬೀಳದ್ದು ಗಟ್ಟಿ, ಸುಲಭಕ್ಕೆ ಮುರಿಯದ್ದೂ ಗಟ್ಟಿ. ನಿಮ್ಮ ಎರಡು ಪುಟದಲ್ಲಿ ಅದು ಹನ್ನೊಂದು ಸಲ ಬಂದಿದೆ, ಮೂರೂ ಅರ್ಥದಲ್ಲಿ. ಬಂಧದ ಮಾತು ಬಂದಲ್ಲಿ ‘ಇಂಥದ್ದನ್ನು ಇಂಥದ್ದಾಗಿ ಬೇರ್ಪಡಿಸಲು ಇಷ್ಟು ಶಕ್ತಿ’ ಎಂದೇ ಬರೆಯಿರಿ. ವಾಕ್ಯ ಉದ್ದವಾದರೆ ಆಗಲಿ.

ನಾಲ್ಕನೇ ಪ್ಯಾರಾದ ಹೋಲಿಕೆ ಇದಕ್ಕಿಂತ ದೊಡ್ಡ ತಪ್ಪು. ಉಪ್ಪಿನ 787ರ ಎದುರು ಕ್ಲೋರಿನ್ ಅಣುವಿನ 243 ಇಟ್ಟು ‘ಮೂರು ಪಟ್ಟು ಬಲ’ ಎಂದಿದ್ದೀರಿ. 787 ಎಂಬುದು ಒಂದು ಬಂಧದ ಲೆಕ್ಕವಲ್ಲ. ಒಂದು ಮೋಲ್ ಉಪ್ಪಿನ ಹರಳನ್ನು ದೂರ ದೂರದ ಅಯಾನುಗಳ ಅನಿಲವಾಗಿ ಮಾಡುವ ಖರ್ಚು ಅದು. ಪ್ರತಿ ಸೋಡಿಯಂ ಅಯಾನಿಗೆ ಸುತ್ತಲಿನ ಆರು ಕ್ಲೋರೈಡ್‌ಗಳ ಜೊತೆಗಿನ ಸೆಳೆತ, ಅದರಾಚೆಯ ಅಯಾನುಗಳ ಸೆಳೆತ ಮತ್ತು ವಿಕರ್ಷಣೆ, ಎಲ್ಲವೂ ಅದರಲ್ಲಿ ಸೇರಿದೆ. 243 ಒಂದೇ ಬಂಧವನ್ನು ಮುರಿದು ಎರಡು ತಟಸ್ಥ ಪರಮಾಣು ಪಡೆಯುವ ಖರ್ಚು. ಹೊರಡುವ ಜಾಗ ಬೇರೆ, ಮುಟ್ಟುವ ಜಾಗವೂ ಬೇರೆ.

ಎರಡನ್ನೂ ಒಂದೇ ಜಾಗಕ್ಕೆ ತನ್ನಿ. ಸೋಡಿಯಂನಿಂದ ಒಂದು ಎಲೆಕ್ಟ್ರಾನ್ ಕೀಳಲು 496 ಕಿಲೋಜೌಲ್ ಖರ್ಚು. ಅದನ್ನು ಕ್ಲೋರಿನ್‌ಗೆ ಸೇರಿಸಿದಾಗ ವಾಪಸ್ ಬರುವುದು 349. ಕೊರತೆ 147. ಇದನ್ನು 787ರಿಂದ ಕಳೆದರೆ 640. ಉಪ್ಪಿನ ಹರಳನ್ನು ತಟಸ್ಥ ಪರಮಾಣುಗಳಾಗಿ ಬಿಡಿಸುವ ಖರ್ಚು ಅಷ್ಟು, ಅದೂ ಎರಡು ಮೋಲ್ ಪರಮಾಣುಗಳಿಗೆ, ಒಂದು ಮೋಲ್ ಪರಮಾಣುವಿಗೆ 320. ಇದೇ ರೀತಿ ಲೆಕ್ಕ ಹಾಕಿದರೆ ವಜ್ರದಲ್ಲಿ ಒಂದು ಮೋಲ್ ಪರಮಾಣುವಿಗೆ ಸುಮಾರು 715. ಸಹವೇಲೆನ್ಸೀಯ ಬಂಧಗಳ ಜಾಲವಾದ ವಜ್ರ ಉಪ್ಪಿನ ಎರಡು ಪಟ್ಟಿಗೂ ಮೇಲೆ.

ಹಾಗಂತ ಶೀರ್ಷಿಕೆಯನ್ನು ತಿರುಗಿಸಿ ‘ಸಹವೇಲೆನ್ಸೀಯವೇ ಬಲಶಾಲಿ’ ಎಂದು ಕಳಿಸಬೇಡಿ. ಫ್ಲೋರಿನ್ ಅಣುವಿನ ಸಹವೇಲೆನ್ಸೀಯ ಬಂಧ ಬರೀ 158. ನೈಟ್ರೋಜನ್‌ನ ತ್ರಿಬಂಧ 945. ಒಂದೇ ಹೆಸರಿನಡಿ ಆರು ಪಟ್ಟು ಅಂತರ! ಅಯಾನಿಕದಲ್ಲೂ ಅಷ್ಟೇ. ಉಪ್ಪಿನಲ್ಲಿ ಒಂದೊಂದು ಆವೇಶದ ಅಯಾನುಗಳು, ಮೆಗ್ನೀಸಿಯಂ ಆಕ್ಸೈಡ್‌ನಲ್ಲಿ ಎರಡೆರಡು ಆವೇಶ, ಗಾತ್ರವೂ ಚಿಕ್ಕದು. ಅಲ್ಲಿ 787ರ ಬದಲು ಸುಮಾರು 3,800 ಆಗುತ್ತದೆ, ಕರಗುವ ಬಿಂದು 2,852 ಡಿಗ್ರಿಗೆ ಏರುತ್ತದೆ. ಸಹವೇಲೆನ್ಸೀಯ ಬಂಧಗಳ ಜಾಲವಾದ ಬೆಣಚುಕಲ್ಲಿನ ಸಿಲಿಕಾ 1,700ರ ಆಸುಪಾಸಿನಲ್ಲೇ ಕರಗುತ್ತದೆ. ಆದರೆ ಬಿಡಿ ಪರಮಾಣುಗಳ ಲೆಕ್ಕಕ್ಕೆ ತಂದರೆ ಮೆಗ್ನೀಸಿಯಂ ಆಕ್ಸೈಡ್‌ನಲ್ಲಿ ಒಂದು ಮೋಲ್ ಪರಮಾಣುವಿಗೆ ಸುಮಾರು 500, ಸಿಲಿಕಾದಲ್ಲಿ ಸುಮಾರು 620. ಮೊದಲು ಕರಗುವುದೇ ಬಿಡಿಸಲು ಹೆಚ್ಚು ಕಷ್ಟ! ನಿಮ್ಮ ಲೇಖನದ ನಡುವೆ ಬರಬೇಕಾದ ಉದಾಹರಣೆ ಇದು.

ಎಲೆಕ್ಟ್ರಾನ್ ಲೆಕ್ಕ ಬಂದಿದ್ದರಿಂದ ಒಂದು ಮಾತು. ‘ಸೋಡಿಯಂ ತನ್ನ ಎಲೆಕ್ಟ್ರಾನನ್ನು ದಾನ ಮಾಡಲು ತುದಿಗಾಲಲ್ಲಿ ನಿಂತಿರುತ್ತದೆ’ ಎಂಬ ವಾಕ್ಯ ಓದಲು ಸೊಗಸು, ಆದರೆ ತೆಗೆಯಲೇಬೇಕು. 496 ಕೊಟ್ಟು ಕೀಳಬೇಕಾದದ್ದು ದಾನವಲ್ಲ. ಕೊಡುಕೊಳ್ಳುವಿಕೆ ಒಂದರಲ್ಲೇ ನಷ್ಟವಿದೆ; ಅಯಾನುಗಳು ಹತ್ತಿರ ಬಂದು ಹರಳಾದಾಗ ಸಿಗುವ ಶಕ್ತಿ ಆ ನಷ್ಟ ತುಂಬಿ ಮಿಗುತ್ತದೆ. ಈ ಜಮಾ ಖರ್ಚನ್ನು 1919ರಲ್ಲಿ ವಿಜ್ಞಾನಿಗಳಾದ ಮಾಕ್ಸ್ ಬಾರ್ನ್ ಮತ್ತು ಫ್ರಿಟ್ಜ್ ಹೇಬರ್ ಹಾಕಿ ತೋರಿಸಿದರು. ನೀವು ಅವರಿಬ್ಬರ ಹೆಸರು ಹೇಳಿದ್ದೀರಿ, ಲೆಕ್ಕ ಬಿಟ್ಟಿದ್ದೀರಿ. ಹೆಸರು ಬಿಟ್ಟರೂ ನಡೆದೀತು, ಲೆಕ್ಕ ಇರಲಿ.

ನೀರಿನಲ್ಲಿ ವಿಲೀನವಾಗುವುದಕ್ಕೆ ‘ನೀರಿನ ಮಾಯೆ’ ಎಂದು ಬರೆದಿದ್ದೀರಿ. ಮಾಯೆ ಬೇಡ, ಅಂಕಿ ಇದೆ. ನೀರಿನ ಅಣುಗಳು ಅಯಾನುಗಳನ್ನು ಸುತ್ತುವರಿದಾಗ ಬರುವುದು ಸುಮಾರು 783 ಕಿಲೋಜೌಲ್, ಬೇಕಾದದ್ದು 787. ಉಳಿದ ಸುಮಾರು 4ನ್ನು ನೀರು ತನ್ನ ಬಿಸಿಯಿಂದಲೇ ಕೊಟ್ಟು ಒಂಚೂರು ತಣ್ಣಗಾಗುತ್ತದೆ. ವಿಲೀನವಾಯಿತು ಅಂದರೆ ಬಂಧ ದುರ್ಬಲ ಎಂದಲ್ಲ, ಬದಲಿಗೆ ಸಿಕ್ಕ ಸೆಳೆತ ಹೆಚ್ಚುಕಡಿಮೆ ಅಷ್ಟೇ ಬಲವಾದದ್ದು ಎಂದು. ಹಾಗೆಯೇ ಎಲ್ಲ ಅಯಾನಿಕ ವಸ್ತುಗಳೂ ವಿಲೀನವಾಗುತ್ತವೆ ಎಂಬ ಸಾಲನ್ನು ಹೊಡೆದುಹಾಕಿ. ಉಪ್ಪು 100 ಮಿಲಿಲೀಟರ್ ನೀರಿಗೆ 36 ಗ್ರಾಂ ಹಿಡಿಸುತ್ತದೆ, ಸಿಲ್ವರ್ ಕ್ಲೋರೈಡ್ ಒಂದು ಲೀಟರ್‌ಗೆ 2 ಮಿಲಿಗ್ರಾಂ ಕೂಡ ಹಿಡಿಸುವುದಿಲ್ಲ.

‘ಕಾದ ಬಾಣಲೆಗೆ ಹಾಕಿದ ಕಲ್ಲುಪ್ಪು ಚಟಚಟ ಸಿಡಿಯುವುದು ಅಯಾನಿಕ ಬಂಧ ಮುರಿಯುವ ಸದ್ದು’ ಎಂಬುದೂ ತಪ್ಪು. ಹರಳಿನೊಳಗೆ ಸಿಕ್ಕಿಕೊಂಡ ನೀರು ಆವಿಯಾಗಿ ಹರಳನ್ನು ಸೀಳುವ ಸದ್ದು ಅದು. ಆದರೆ ಕಲ್ಲುಪ್ಪನ್ನು ಬಿಡಬೇಡಿ. ದೊಡ್ಡ ಹರಳೊಂದನ್ನು ಚಾಕುವಿನ ಅಲಗಿಗೆ ಒಡ್ಡಿ ಮೇಲಿಂದ ಸಣ್ಣದಾಗಿ ಕುಟ್ಟಿದರೆ ಅದು ಚಪ್ಪಟೆಯಾಗುವುದಿಲ್ಲ, ನೇರ ಮುಖ ಬಿಟ್ಟು ಎರಡಾಗುತ್ತದೆ. ಒಂದು ಪದರ ಒಂದೇ ಅಯಾನಿನಷ್ಟು ಸರಿದರೆ ಸಾಕು, ಧನದ ಎದುರು ಧನ, ಋಣದ ಎದುರು ಋಣ ಬಂದು ನಿಲ್ಲುತ್ತವೆ, ಪದರಗಳು ಒಂದನ್ನೊಂದು ತಳ್ಳುತ್ತವೆ. ಬಂಧ ಬಲವಾಗಿದ್ದೂ ವಸ್ತು ಪೆಡಸಾಗುವುದು ಹೀಗೆ. ಓದುಗರು ಮನೆಯಲ್ಲೇ ಮಾಡಿ ನೋಡಬಹುದು. ಕಣ್ಣಿಗೆ ಚೂರು ಹಾರದಂತೆ ಕನ್ನಡಕ ಹಾಕಿಕೊಳ್ಳಲು ಹೇಳಿ.

ವಿದ್ಯುದೃಣತೆಯ (ಬಂಧದ ಎಲೆಕ್ಟ್ರಾನ್‌ಗಳನ್ನು ತನ್ನತ್ತ ಎಳೆಯುವ ಪರಮಾಣುವಿನ ಶಕ್ತಿಯ) ವ್ಯತ್ಯಾಸ 1.7 ದಾಟಿದರೆ ಅಯಾನಿಕ ಎಂಬ ನಿಯಮವನ್ನು ಗೋಡೆಯಂತೆ ನಿಲ್ಲಿಸಿದ್ದೀರಿ. ಹೈಡ್ರೋಜನ್ ಫ್ಲೋರೈಡ್‌ನಲ್ಲಿ ವ್ಯತ್ಯಾಸ 1.78, ಆದರೂ ಅದು ಸುಮಾರು 20 ಡಿಗ್ರಿಗೇ ಕುದಿಯುವ, ಅಣುಗಳಿಂದಾದ ವಸ್ತು. ಅದರ ಬಂಧದ ಬಲ ಸುಮಾರು 565. ಹೈಡ್ರೋಜನ್ ಅಣುವಿನ 436, ಫ್ಲೋರಿನ್‌ನ 158 ಸೇರಿಸಿ ಸರಾಸರಿ ತೆಗೆದರೆ 297. ಮಿಕ್ಕ 268 ಎಲ್ಲಿಂದ ಬಂತು? ಹಂಚಿಕೆಯ ಜೊತೆಗೆ ಆವೇಶಗಳ ಸೆಳೆತವೂ ಕೂಡಿದ್ದರಿಂದ. ರಸಾಯನವಿಜ್ಞಾನಿ ಲೈನಸ್ ಪಾಲಿಂಗ್ 1932ರಲ್ಲಿ ವಿದ್ಯುದೃಣತೆಯ ಅಳತೆ ಕಟ್ಟಿದ್ದೇ ಇಂಥ ಹೆಚ್ಚುವರಿಯ ಮೇಲೆ. ಈ ಎರಡು ಬಂಧಗಳನ್ನು ಕುಸ್ತಿಗೆ ಇಳಿಸಿದ ನಿಮ್ಮ ಶೀರ್ಷಿಕೆ ನಮಗೆ ಒಪ್ಪಿಗೆಯಾಗದಿರುವುದು ಇದಕ್ಕೇ.

ಸಣ್ಣಪುಟ್ಟವು: ‘ಉಪ್ಪಿನ ಅಣು’ ಎಂದು ಬರೆಯಬೇಡಿ, ಹರಳಿನಲ್ಲಿ ಅಣು ಎಂಬುದಿಲ್ಲ. ‘787 ಕಿಲೋಜೌಲ್’ ಎಂದಷ್ಟೇ ಬಿಡಬೇಡಿ, ‘ಪ್ರತಿ ಮೋಲ್‌ಗೆ’ ಎಂದು ಒಮ್ಮೆಯಾದರೂ ಸೇರಿಸಿ. ಚಿತ್ರದಲ್ಲಿ ಒಂದು ಸೋಡಿಯಂ ಒಂದು ಕ್ಲೋರಿನ್ ನಡುವೆ ಗೆರೆ ಎಳೆದಿದ್ದೀರಿ. ಅದರ ಬದಲು ಒಂದು ಅಯಾನಿನ ಸುತ್ತ ಆರು ಇರುವ ಘನಾಕೃತಿ ಬರೆದು, ಪಕ್ಕದ ಅಯಾನುಗಳ ಕೇಂದ್ರಗಳ ಅಂತರ 0.282 ನ್ಯಾನೋಮೀಟರ್ ಎಂದು ಗುರುತಿಸಿ. ಎಂಟುನೂರು ಪದ ಮೀರದಂತೆ ತಿದ್ದಿ ಕಳಿಸಿ, ಮಂಜುಗಡ್ಡೆಯಿಂದ ಶುರುಮಾಡಿ.

– ಸಂಪಾದಕ ಬಳಗ